ಕೇಡರ್ ಪಾಸಾದರೆ ಸಾಕೇ? ಸೈನಿಕರ ಬಡ್ತಿ ಪರೀಕ್ಷೆ: ಓದುಗರ ಪ್ರಶ್ನೆ, ತಿಳಿದವರ ಉತ್ತರ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ, ಹಳಿಯಾಳದವರೆಗೆ, ಮಗನನ್ನೋ ಗಂಡನನ್ನೋ ಮಿಲಿಟರಿಗೆ ಕಳಿಸಿದ ಮನೆಗಳಿಂದ ಬಡ್ತಿ ಪರೀಕ್ಷೆಯ ಬಗ್ಗೆ ಪತ್ರಗಳು ಬರುತ್ತಲೇ ಇವೆ. ಈ ಸಲದ ಪುಟಗಳನ್ನು ಅದಕ್ಕೇ ಮೀಸಲಿಟ್ಟಿದ್ದೇವೆ. ಕೇಡರ್ ಎಂದರೆ ಮೇಲಿನ ಹುದ್ದೆಗೆ ಅರ್ಹತೆ ಕೊಡುವ ತರಬೇತಿ ಮತ್ತು ಪರೀಕ್ಷೆ. ಹುದ್ದೆಗಳು ಕೆಳಗಿನಿಂದ ಮೇಲಕ್ಕೆ ಸಿಪಾಯಿ, ಲ್ಯಾನ್ಸ್ ನಾಯಕ್, ನಾಯಕ್, ಹವಾಲ್ದಾರ್, ನಾಯಬ್ ಸುಬೇದಾರ್. ಉತ್ತರ ಬರೆದವರು ಸೇನೆಯ ತರಬೇತಿ ಮತ್ತು ದಾಖಲೆ ಕೆಲಸವನ್ನು ಬಲ್ಲವರು. ಪತ್ರ ಬರೆದವರ ಹೆಸರು, ಅವರ ಪಲ್ಟನ್ನಿನ ಹೆಸರು ಎರಡನ್ನೂ ಬಿಟ್ಟಿದ್ದೇವೆ.

ಪ್ರಶ್ನೆ: ಮಗ ಸೇನೆಗೆ ಸೇರಿ ಏಳು ವರ್ಷ. ಹೋದ ವರ್ಷ ನಾಯಕ್ ಹುದ್ದೆಯ ಕೇಡರ್ ಪಾಸಾದ. ಅವನಿಗಿಂತ ತಡವಾಗಿ ಸೇರಿದ ನಮ್ಮೂರಿನ ಇನ್ನೊಬ್ಬ ಹುಡುಗ ಆಗಲೇ ನಾಯಕ್ ಆಗಿದ್ದಾನೆ. ನನ್ನ ಮಗನಿಗೆ ಅನ್ಯಾಯವಾಯಿತೇ?
– ಒಬ್ಬ ತಾಯಿ, ಅಂಕೋಲಾ

ತಾಯಿ, ಆ ಹುಡುಗ ಬೇರೆ ರೆಜಿಮೆಂಟಿನವನೋ ಬೇರೆ ಟ್ರೇಡಿನವನೋ (ಸೇನೆಯಲ್ಲಿ ಮಾಡುವ ಕಸುಬು) ಆಗಿದ್ದರೆ ಇಬ್ಬರನ್ನೂ ಹೋಲಿಸಲು ಬರುವುದಿಲ್ಲ. ಬಡ್ತಿಯ ಹಿರಿತನದ ಪಟ್ಟಿ ಆಯಾ ರೆಜಿಮೆಂಟ್ ಅಥವಾ ಕೋರ್‌ಗೆ ಬೇರೆ ಬೇರೆ, ಒಂದೇ ಕೋರಿನೊಳಗೆ ಟ್ರೇಡಿಗೂ ಬೇರೆ. ಕೇಡರ್ ಪಾಸಾಗುವುದೆಂದರೆ ಅರ್ಹರ ಸಾಲಿನಲ್ಲಿ ನಿಂತಂತೆ. ಮೇಲೆ ಹುದ್ದೆ ಖಾಲಿಯಾದಾಗ ಮಾತ್ರ ಸಾಲು ಮುಂದೆ ಸರಿಯುತ್ತದೆ. ಜನ ಬೇಗ ನಿವೃತ್ತರಾಗುವ ಕಡೆ ಸಾಲು ಬೇಗ ಸರಿಯುತ್ತದೆ, ಉಳಿದ ಕಡೆ ಕಾಯಬೇಕಾಗುತ್ತದೆ.

ಆದರೂ ಒಂದು ಮಾತು ಮಗನಿಗೆ ಇವತ್ತೇ ಹೇಳಿ. ಕೇಡರ್, ಶಿಕ್ಷಣ ಪ್ರಮಾಣಪತ್ರ, ಮ್ಯಾಪ್ ರೀಡಿಂಗ್, ಟ್ರೇಡ್ ಟೆಸ್ಟ್, ಯಾವುದು ಪಾಸಾದರೂ ಅದು ಸೈನಿಕರ ಸೇವಾ ವಿವರ ಪ್ರಕಟಿಸುವ ‘ಪಾರ್ಟ್ 2 ಆರ್ಡರ್’ನಲ್ಲಿ ಪ್ರಕಟವಾಗಿ ರೆಕಾರ್ಡ್ ಆಫೀಸಿಗೆ ತಲುಪಬೇಕು. ಅಲ್ಲಿ ದಾಖಲಾಗದ ಪರೀಕ್ಷೆ ರೆಕಾರ್ಡ್ ಆಫೀಸಿನ ಮಟ್ಟಿಗೆ ನಡೆದೇ ಇಲ್ಲ. ಪಲ್ಟನ್ ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹೋಗುವಾಗ, ಅಥವಾ ಹುಡುಗ ಬೇರೆ ಘಟಕಕ್ಕೆ ಅಟ್ಯಾಚ್ ಆಗಿದ್ದಾಗ ಬರೆದ ಪರೀಕ್ಷೆಗಳಲ್ಲೇ ಇದು ತಪ್ಪಿಹೋಗುವುದು ಹೆಚ್ಚು. ಕಂಪನಿ ಕ್ಲರ್ಕ್ ಹತ್ತಿರ ಕೂತು ಆರ್ಡರ್ ನಂಬರ್ ಮತ್ತು ತಾರೀಖನ್ನು ತನ್ನ ಡೈರಿಗೆ ಬರೆದುಕೊಳ್ಳಲಿ. ಹಾಗೆ ಮಾಡುವುದು ಕ್ಲರ್ಕನ ಮೇಲೆ ಅನುಮಾನ ಪಟ್ಟಂತಲ್ಲ.

ಬಡ್ತಿ ತಡವಾದರೂ ಸಂಬಳ ಪೂರ್ತಿ ನಿಂತಲ್ಲೇ ನಿಲ್ಲುವುದಿಲ್ಲ. 2008ರ ಸೆಪ್ಟೆಂಬರ್ 1ರಿಂದ ಇರುವ ಎಂಎಸಿಪಿ ವ್ಯವಸ್ಥೆಯಲ್ಲಿ ಬಡ್ತಿಯಿಲ್ಲದೆ 8, 16, 24 ವರ್ಷ ಸೇವೆ ಮುಗಿಸಿದವರಿಗೆ ಮೇಲಿನ ಹಂತದ ವೇತನ ಸಿಗುತ್ತದೆ. ಏಳನೇ ವೇತನ ಆಯೋಗದ ಪಟ್ಟಿಯಲ್ಲಿ ಸಿಪಾಯಿಯದು 3ನೇ ಹಂತ, ಆರಂಭದ ಮೂಲವೇತನ 21,700 ರೂಪಾಯಿ. ನಾಯಕ್‌ದು 4ನೇ ಹಂತ, 25,500. ಆದರೆ ಎಂಎಸಿಪಿ ಕೊಡುವುದು ವೇತನವನ್ನು ಮಾತ್ರ. ತೋಳಿನ ಮೇಲಿನ ಪಟ್ಟಿ ಬರುವುದಿಲ್ಲ, ಸೇವೆಯ ಅವಧಿಯೂ ಬೆಳೆಯುವುದಿಲ್ಲ. ಎರಡು ವರ್ಷದ ವಿಸ್ತರಣೆ ಸೇರಿ ನಾಯಕ್ 24 ವರ್ಷ, ಹವಾಲ್ದಾರ್ 26, ನಾಯಬ್ ಸುಬೇದಾರ್ 28 ವರ್ಷ ಇರಬಹುದು. ಇದಕ್ಕೆ ವಯಸ್ಸಿನ ಮಿತಿಯೂ ಉಂಟು. ಪಟ್ಟಿ ಸಿಗದವನು ಮಕ್ಕಳ ಓದು ಮುಗಿಯುವ ಮೊದಲೇ ಮನೆಗೆ ಬರಬೇಕಾದೀತು. ಅದಕ್ಕಾಗಿಯೇ ಈ ಪರೀಕ್ಷೆಗಳನ್ನು ಹಗುರವಾಗಿ ನೋಡಬಾರದು.

ಪ್ರಶ್ನೆ: ಹತ್ತು ವರ್ಷ ಗಡಿಯಲ್ಲಿ ದುಡಿದವನಿಗೆ ಮತ್ತೆ ಪರೀಕ್ಷೆ ಯಾಕೆ? ಅನುಭವಕ್ಕೆ ಬೆಲೆ ಇಲ್ಲವೇ?
– ನಿವೃತ್ತ ಶಿಕ್ಷಕರು, ಶಿರಸಿ

ಮಾಸ್ತರರೇ, ಅನುಭವಕ್ಕೆ ಬೆಲೆ ಖಂಡಿತ ಇದೆ. ಆದರೆ ಆ ಅನುಭವ ಈಗ ಮಾಡುತ್ತಿರುವ ಕೆಲಸದ್ದು, ಬಡ್ತಿ ಮುಂದಿನ ಕೆಲಸಕ್ಕೆ. ಸಿಪಾಯಿ ತನ್ನ ಬಂದೂಕು, ತನ್ನ ಜಾಗ ನೋಡಿಕೊಂಡರೆ ಆಯಿತು. ಪದಾತಿದಳದ ಸೆಕ್ಷನ್ ಎಂದರೆ ಹತ್ತು ಜನ. ಅದರ ಕಮಾಂಡರ್ ಹವಾಲ್ದಾರ್, ಅವನ ಕೈಕೆಳಗೆ ಎರಡನೆಯವನಾಗಿ ನಾಯಕ್. ಹವಾಲ್ದಾರನಿಗೆ ಗುಂಡು ತಾಗಿದ ಕ್ಷಣವೇ ಆ ಹತ್ತು ಜನ ಎತ್ತ ಹೋಗಬೇಕು, ಎಲ್ಲಿ ಮಲಗಬೇಕು, ಎಷ್ಟು ಗುಂಡು ಉಳಿದಿದೆ ಎಂಬುದೆಲ್ಲ ನಾಯಕನ ತಲೆಗೆ ಬರುತ್ತದೆ. ಅದನ್ನು ಅವನು ಮಾಡಬಲ್ಲನೇ ಎಂದು ಶಾಂತಿಯ ದಿನಗಳಲ್ಲೇ ನೋಡಿಕೊಳ್ಳಬೇಕು.

ನಮ್ಮ ಜಿಲ್ಲೆಯವರಿಗೆ ಇದಕ್ಕೆ ಹತ್ತಿರದ ಉದಾಹರಣೆ ಕಾರವಾರದ ಕಡಲತೀರದಲ್ಲೇ ಪ್ರತಿಮೆಯಾಗಿ ನಿಂತಿದೆ. ಚೆಂಡಿಯಾದ ರಾಮ ರಾಘೋಬಾ ರಾಣೆ 1940ರ ಜುಲೈ 10ರಂದು ಬಾಂಬೆ ಎಂಜಿನಿಯರ್ಸ್‌ನಲ್ಲಿ ಸಾಮಾನ್ಯ ಸಿಪಾಯಿಯಾಗಿ ಸೇರಿದವರು. ತಮ್ಮ ತಂಡದ ಅತ್ಯುತ್ತಮ ರಿಕ್ರೂಟ್ ಎಂದು ಕಮಾಂಡೆಂಟರ ಬೆತ್ತವನ್ನು ಬಹುಮಾನವಾಗಿ ಪಡೆದರು, ನಾಯಕ್ ಆದರು. ಬರ್ಮಾ ಯುದ್ಧಭೂಮಿ ಕಂಡು ಹವಾಲ್ದಾರ್ ಹುದ್ದೆ ದಾಟಿ, 1947ರ ಡಿಸೆಂಬರ್ 15ರಂದು ಸೆಕೆಂಡ್ ಲೆಫ್ಟಿನೆಂಟ್ ಆದರು. ನಾಲ್ಕು ತಿಂಗಳೂ ಆಗಿರಲಿಲ್ಲ, 1948ರ ಏಪ್ರಿಲ್ 8ರಿಂದ 11ರ ವರೆಗೆ ನೌಶೇರಾ–ರಾಜೌರಿ ದಾರಿಯಲ್ಲಿ ಗುಂಡಿನ ಮಳೆಯ ನಡುವೆ ನೆಲಬಾಂಬು ತೆಗೆದು, ಅಡ್ಡ ಕೆಡವಿದ್ದ ಮರಗಳನ್ನು ಸರಿಸಿ ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟರು. ಪರಮವೀರ ಚಕ್ರ ಬಂದದ್ದು ಆ ಕೆಲಸಕ್ಕೆ. ನೆಲಬಾಂಬು ತೆಗೆಯುವ ಕೈಗೆ ಆ ಹೊತ್ತಿನಲ್ಲಿ ಬರೀ ಧೈರ್ಯ ಸಾಲದು, ಕೆಳಗಿನ ಹುದ್ದೆಯಿಂದಲೇ ಕಲಿತು ಪಳಗಿದ ಕಸುಬೂ ಬೇಕು.

ಪ್ರಶ್ನೆ: ಮ್ಯಾಪ್ ರೀಡಿಂಗ್‌ನಲ್ಲಿ ಎರಡು ಸಲ ಫೇಲ್ ಆದೆ. ಪುಸ್ತಕ ಬಾಯಿಪಾಠ ಇದೆ, ನೆಲದ ಮೇಲೆ ನಿಂತರೆ ತಪ್ಪುತ್ತದೆ. ಎರಡು ತಿಂಗಳ ರಜೆಗೆ ಬಂದಿದ್ದೇನೆ. ಹೇಗೆ ಅಭ್ಯಾಸ ಮಾಡಲಿ?
– ರಜೆಯಲ್ಲಿರುವ ಸಿಪಾಯಿ, ಸಿದ್ದಾಪುರ ತಾಲ್ಲೂಕು

ತಮ್ಮಾ, ನಿನ್ನ ಪತ್ರದಲ್ಲೇ ಉತ್ತರ ಇದೆ. ಬಾಯಿಪಾಠ ಆಗಿರುವುದು ನಾಲಿಗೆಗೆ, ಪರೀಕ್ಷೆ ನಡೆಯುವುದು ಕಣ್ಣು ಮತ್ತು ಕೈಗೆ. ಈ ವಿಷಯದಲ್ಲಿ ಫೇಲಾಗುವವರು ಹೆಚ್ಚಾಗಿ ನಾಲ್ಕೇ ನಾಲ್ಕು ಕಡೆ ತಪ್ಪುತ್ತಾರೆ.

ಮೊದಲನೆಯದು ಗ್ರಿಡ್ ರೆಫರೆನ್ಸ್, ಅಂದರೆ ನಕ್ಷೆಯ ಚೌಕದ ಗೆರೆಗಳನ್ನು ಎಣಿಸಿ ಜಾಗವನ್ನು ಅಂಕಿಯಲ್ಲಿ ಹೇಳುವುದು. 1:50,000 ಅಳತೆಯ ನಕ್ಷೆಯಲ್ಲಿ 2 ಸೆಂಟಿಮೀಟರ್ ಅಂದರೆ ನೆಲದ ಮೇಲೆ 1 ಕಿಲೋಮೀಟರ್. ಒಂದು ಚೌಕ 1 ಕಿ.ಮೀ.ದು. ನಾಲ್ಕಂಕಿಯ ರೆಫರೆನ್ಸ್ ಚೌಕವನ್ನು ತೋರಿಸುತ್ತದೆ, ಆರಂಕಿಯದು 100 ಮೀಟರ್ ಒಳಗಿನ ಜಾಗವನ್ನು. ಮೊದಲು ಅಡ್ಡಕ್ಕೆ, ಎಡದಿಂದ ಬಲಕ್ಕೆ ಎಣಿಸು. ಆಮೇಲೆ ಕೆಳಗಿನಿಂದ ಮೇಲಕ್ಕೆ. ಒಂದು ದೇವಸ್ಥಾನ 34ರ ಗೆರೆಯಿಂದ ಬಲಕ್ಕೆ ಹತ್ತರಲ್ಲಿ ಆರು ಪಾಲು, 72ರ ಗೆರೆಯಿಂದ ಮೇಲಕ್ಕೆ ಐದು ಪಾಲು ದೂರದಲ್ಲಿದ್ದರೆ ಅದರ ರೆಫರೆನ್ಸ್ 346725. ಗಡಿಬಿಡಿಯಲ್ಲಿ 725346 ಎಂದು ಬರೆದವನು ಹತ್ತಾರು ಕಿಲೋಮೀಟರ್ ಆಚೆಗೆ ಹೋಗಿರುತ್ತಾನೆ. ಒಂದು ಪಾಲು ಅಂದರೆ ನಕ್ಷೆಯ ಮೇಲೆ 2 ಮಿಲಿಮೀಟರ್ ಮಾತ್ರ. ಅರ್ಧ ಮಿಲಿಮೀಟರ್ ದಪ್ಪದ ಪೆನ್ಸಿಲ್ ಗೆರೆಯೇ ನೆಲದ ಮೇಲೆ 25 ಮೀಟರ್ ನುಂಗುತ್ತದೆ. ಹಾಗಾಗಿ ಪೆನ್ಸಿಲ್ ಚೂಪಾಗಿರಲಿ.

ಎರಡನೆಯದು ಕಾಂಟೂರ್, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ. ಇದಕ್ಕೆ ನಿಮ್ಮ ಊರಿಗಿಂತ ಒಳ್ಳೆಯ ಶಾಲೆ ಇಲ್ಲ. ಸರ್ವೆ ಆಫ್ ಇಂಡಿಯಾದ 1:50,000 ನಕ್ಷೆಯಲ್ಲಿ ಸಾಮಾನ್ಯವಾಗಿ ಒಂದು ಗೆರೆಯಿಂದ ಮುಂದಿನ ಗೆರೆಗೆ 20 ಮೀಟರ್ ಎತ್ತರದ ವ್ಯತ್ಯಾಸ. ಪ್ರತಿ ಐದನೆಯ ಗೆರೆ ದಪ್ಪ, ಅಂದರೆ 100 ಮೀಟರ್. ಗೆರೆಗಳು ಮೇಲ್ಮುಖವಾಗಿ, ಎತ್ತರದ ಕಡೆಗೆ ಚೂಪಾಗಿ ಬಾಗಿದ್ದರೆ ಅದು ಕಣಿವೆ. ತಗ್ಗಿನ ಕಡೆಗೆ ಉಬ್ಬಿದ್ದರೆ ಗುಡ್ಡದ ಚಾಚು. ಪುಸ್ತಕದಲ್ಲಿ ಇವೆರಡೂ ಒಂದೇ ಥರ ಕಾಣುತ್ತವೆ, ಅಲ್ಲೇ ತಪ್ಪಾಗುವುದು. ನಿಮ್ಮಲ್ಲಿ ಅಡಿಕೆ ತೋಟ ಇರುವುದು ಕಣಿವೆಯ ತಗ್ಗಿನಲ್ಲಿ, ಸೊಪ್ಪಿನ ಬೆಟ್ಟ ಇರುವುದು ಅದರ ಮೇಲಿನ ಇಳಿಜಾರಿನಲ್ಲಿ. ತೋಟದ ತಲೆಯಲ್ಲಿ ನಿಂತು ನೀರು ಹರಿದು ಬರುವ ಜಾಗ ನೋಡು, ನಕ್ಷೆಯಲ್ಲಿ ಅದೇ ಚೂಪನ್ನು ಹುಡುಕು. ಅಲ್ಲಿಂದ ಬೆಟ್ಟದ ಬೆನ್ನು ಹತ್ತಿ ಉಬ್ಬಿದ ಗೆರೆ ಹುಡುಕು. ಹತ್ತು ತೋಟ, ಹತ್ತು ಬೆಟ್ಟ ಹೀಗೆ ನೋಡಿದರೆ ಮತ್ತೆ ಮರೆಯುವುದಿಲ್ಲ. ನಕ್ಷೆಯ 1 ಕಿ.ಮೀ. ಉದ್ದದಲ್ಲಿ ಐದು ಅಂತರ ದಾಟಿದರೆ 100 ಮೀಟರ್ ಏರು, ಹತ್ತಕ್ಕೆ ಒಂದು. ಅದನ್ನು ನಡೆದು ನೋಡು. ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಕಾಲಿಗೆ ತಿಳಿದರೆ ನೈಟ್ ಮಾರ್ಚ್‌ನ ಸಮಯ ಹಾಕುವುದೂ ಸರಿಬರುತ್ತದೆ.

ಮೂರನೆಯದು ಬೇರಿಂಗ್, ಅಂದರೆ ಉತ್ತರ ದಿಕ್ಕಿನಿಂದ ಅಳೆದ ಕೋನ. ನಿಜ ಉತ್ತರ, ಗ್ರಿಡ್ ಉತ್ತರ, ಕಾಂತ ಉತ್ತರ ಎಂದು ಮೂರು ಇವೆ. ಕಂಪಾಸ್ ತೋರಿಸುವುದು ಕಾಂತದ್ದು, ನಕ್ಷೆಯ ಮೇಲೆ ಗೆರೆ ಎಳೆಯುವುದು ಗ್ರಿಡ್‌ನಿಂದ. ನಮ್ಮ ಕರಾವಳಿಯಲ್ಲಿ ಇವುಗಳ ನಡುವಿನ ವ್ಯತ್ಯಾಸ ತೀರ ಕಡಿಮೆ, ಹಾಗಾಗಿ ಊರಲ್ಲಿ ಅಭ್ಯಾಸ ಮಾಡಿದವನಿಗೆ ತಿದ್ದುವ ರೂಢಿ ಬೆಳೆಯುವುದಿಲ್ಲ. ಪರೀಕ್ಷೆಯ ನಕ್ಷೆಯಲ್ಲಿ 3 ಡಿಗ್ರಿ ವ್ಯತ್ಯಾಸ ಕೊಟ್ಟಿದ್ದರೆ, ತಿದ್ದದೆ 4 ಕಿ.ಮೀ. ನಡೆದವನು ಗುರಿಯಿಂದ ಸುಮಾರು 210 ಮೀಟರ್ ಪಕ್ಕಕ್ಕೆ ಸರಿದಿರುತ್ತಾನೆ. ಕತ್ತಲಲ್ಲಿ ಅಷ್ಟು ದೂರದ ಗುರಿ ಸಿಗುವುದಿಲ್ಲ. ಊರಲ್ಲೂ ಬೇಕೆಂದೇ ಒಂದು ವ್ಯತ್ಯಾಸ ಇಟ್ಟುಕೊಂಡು ಪ್ರತಿಸಲ ಕೂಡಿ ಕಳೆದು ಬರೆ.

ಕಂಪಾಸನ್ನು ಕೆಡಿಸುವುದು ಕಬ್ಬಿಣ ಮತ್ತು ವಿದ್ಯುತ್. ಹೈಟೆನ್ಷನ್ ತಂತಿಯಿಂದ 55 ಮೀಟರ್, ಟ್ರಕ್ಕಿನಿಂದ 18, ಮುಳ್ಳುತಂತಿಯಿಂದ 10, ರೈಫಲ್‌ನಿಂದ ಅರ್ಧ ಮೀಟರ್ ದೂರ ಇರಬೇಕೆಂಬುದು ಅಮೆರಿಕದ ಸೇನಾ ಕೈಪಿಡಿಯ ಅಳತೆ. ಕೈಗಾದಿಂದ ಘಟ್ಟ ಹತ್ತುವ ವಿದ್ಯುತ್ ತಂತಿಗಳ ಕೆಳಗೆ ನಿಂತು ಬೇರಿಂಗ್ ತೆಗೆದರೆ ನಂಬಬೇಡ. ಜೇಬಿನ ಮೊಬೈಲ್, ಅದರ ಕಾಂತದ ಕವರ್ ಕೂಡ ಸೂಜಿಯನ್ನು ಎಳೆಯುತ್ತವೆ. ಪಕ್ಕಕ್ಕಿಟ್ಟು ನೋಡು.

ನಾಲ್ಕನೆಯದು ರಿಸೆಕ್ಷನ್, ಅಂದರೆ ತಾನು ನಿಂತ ಜಾಗವನ್ನು ಕಂಡುಹಿಡಿಯುವುದು. ನೆಲದ ಮೇಲೂ ನಕ್ಷೆಯ ಮೇಲೂ ಗುರುತು ಸಿಗುವ ಎರಡು ವಸ್ತು ಆರಿಸು. ಒಂದರ ಬೇರಿಂಗ್ 20, ಇನ್ನೊಂದರದು 290 ಡಿಗ್ರಿ ಬಂತು ಅನ್ನು. ಗ್ರಿಡ್‌ಗೆ ತಿದ್ದಿದ ಮೇಲೆ, 180ಕ್ಕಿಂತ ಕಡಿಮೆ ಇದ್ದರೆ 180 ಕೂಡಿಸು, ಹೆಚ್ಚಿದ್ದರೆ ಕಳೆ. 200 ಮತ್ತು 110 ಬರುತ್ತದೆ. ಆ ವಸ್ತುಗಳಿಂದ ಈ ಬೇರಿಂಗಿನಲ್ಲಿ ಗೆರೆ ಎಳೆದರೆ ಸೇರುವಲ್ಲಿ ನೀನು. ಇಲ್ಲಿ ಎರಡು ವಸ್ತುಗಳ ನಡುವಿನ ಕೋನ 90 ಡಿಗ್ರಿ, ಬಹಳ ಒಳ್ಳೆಯದು. 20–30 ಡಿಗ್ರಿ ಮಾತ್ರ ಇದ್ದರೆ ಗೆರೆಗಳು ಒಂದರ ಮೇಲೊಂದು ಜಾರಿದಂತೆ ಸೇರುತ್ತವೆ, ಒಂದು ಡಿಗ್ರಿಯ ತಪ್ಪು ಜಾಗವನ್ನು ಎಲ್ಲಿಗೋ ಒಯ್ಯುತ್ತದೆ. ಸಾಧ್ಯವಾದರೆ ಮೂರನೆಯ ಗೆರೆ ಎಳೆ. ಮೂರೂ ಸೇರಿ ಸಣ್ಣ ತ್ರಿಕೋನ ಬಂದರೆ ಸರಿ, ದೊಡ್ಡದು ಬಂದರೆ ಯಾವುದೋ ವಸ್ತುವನ್ನೇ ತಪ್ಪಾಗಿ ಗುರುತಿಸಿದ್ದೀಯ.

ದೂರ ಅಂದಾಜು ಮಾಡುವುದನ್ನೂ ಇದರ ಜೊತೆಗೇ ಕಲಿ. ನೀರಿನ ಮೇಲಿಂದ, ಕಣಿವೆಯ ಆಚೆಯಿಂದ, ಬೆಳಕು ನಿನ್ನ ಬೆನ್ನ ಹಿಂದಿದ್ದಾಗ ವಸ್ತು ಹತ್ತಿರ ಕಾಣುತ್ತದೆ. ಮಂಜಿನಲ್ಲಿ, ಸಂಜೆ ಬೆಳಕಿನಲ್ಲಿ, ಅರ್ಧ ಮರೆಯಾಗಿದ್ದರೆ ದೂರ ಕಾಣುತ್ತದೆ. ಕೋಡಿಬಾಗದಲ್ಲಿ ನಿಂತು ಕಾಳಿ ನದಿಯ ಆಚೆ ದಡ ನೋಡಿ ಅಂದಾಜು ಬರೆದು, ಮೊಬೈಲ್ ನಕ್ಷೆಯಲ್ಲಿ ಅಳೆದು ಸರಿಮಾಡಿಕೋ. ಹೆಚ್ಚಿನವರು ಕಡಿಮೆಯೇ ಹೇಳುತ್ತಾರೆ. ಒಂದು ಎಚ್ಚರಿಕೆ: ನೌಕಾನೆಲೆ ಇರುವ ಅರಗಾ ಕಡೆ, ಕೈಗಾ ಸ್ಥಾವರದ ಸುತ್ತ ಕಂಪಾಸ್, ನಕ್ಷೆ ಹಿಡಿದು ಓಡಾಡಬೇಡ. ಗುರುತಿನ ಚೀಟಿ ಇದ್ದರೂ ಅನಗತ್ಯ ವಿಚಾರಣೆಗೆ ಸಿಕ್ಕಿಬೀಳುತ್ತೀಯ.

ಪ್ರಶ್ನೆ: ನಮ್ಮವರಿಗೆ ಬಿಪಿಇಟಿಯಲ್ಲಿ (ಸೇನೆಯ ದೈಹಿಕ ಸಾಮರ್ಥ್ಯದ ಪರೀಕ್ಷೆ) ಐದು ಕಿ.ಮೀ. ಓಟವೇ ತೊಂದರೆ. ರಜೆಯಲ್ಲಿ ದಿನಾ ಬೀಚಿನಲ್ಲಿ ಓಡುತ್ತಾರೆ, ಈಗ ಹಿಮ್ಮಡಿ ನೋವು ಶುರುವಾಗಿದೆ.
– ಒಬ್ಬ ಗೃಹಿಣಿ, ಹೊನ್ನಾವರ

ತಂಗಿ, ಮೊದಲು ಮರಳಿನ ಓಟ ನಿಲ್ಲಿಸಲು ಹೇಳು. ಸಡಿಲ ಮರಳಿನಲ್ಲಿ ಹಿಮ್ಮಡಿ ಹೂತು ಅಲ್ಲಿನ ಸ್ನಾಯುರಜ್ಜಿನ ಮೇಲೆ ಎಳೆತ ಬೀಳುತ್ತದೆ. ಇಳಿತದ ಹೊತ್ತಿನ ಗಟ್ಟಿ ಮರಳು ಮೆತ್ತಗಿಲ್ಲ ನಿಜ, ಆದರೆ ಅದು ಸಮುದ್ರದ ಕಡೆಗೆ ವಾಲಿರುತ್ತದೆ. ಒಂದೇ ದಿಕ್ಕಿನಲ್ಲಿ ಓಡಿದರೆ ಒಂದು ಕಾಲು ಸದಾ ತಗ್ಗಿನಲ್ಲಿ, ಸೊಂಟದವರೆಗೂ ನೋವು. ನೋವು ಇಳಿಯುವವರೆಗೆ ವಿಶ್ರಾಂತಿ, ಆಮೇಲೆ ಮಣ್ಣಿನ ರಸ್ತೆ ಅಥವಾ ಶಾಲೆಯ ಮೈದಾನ. ಹತ್ತು ದಿನದಲ್ಲಿ ಇಳಿಯದಿದ್ದರೆ ಡಾಕ್ಟರಿಗೆ ತೋರಿಸಿ. ನೋವು ಮುಚ್ಚಿಟ್ಟು ಓಡಿದವರು ಪರೀಕ್ಷೆಯ ದಿನ ನಡುವೆ ಕೂತುಬಿಡುತ್ತಾರೆ.

ಬಹುಕಾಲದಿಂದ ಇರುವ ಮಾನದಂಡದಲ್ಲಿ 30 ವರ್ಷದೊಳಗಿನವರು ಹೊರೆ ಹೊತ್ತು 5 ಕಿ.ಮೀ.ಯನ್ನು 25 ನಿಮಿಷದಲ್ಲಿ ಮುಗಿಸಿದರೆ ಅತ್ಯುತ್ತಮ, 26 ನಿಮಿಷ 30 ಸೆಕೆಂಡಿಗೆ ಉತ್ತಮ, 28ಕ್ಕೆ ತೃಪ್ತಿಕರ. ಹೆಚ್ಚಿನ ವಯಸ್ಸಿಗೆ ಸಮಯ ಹೆಚ್ಚು. ಈ ಮಾನದಂಡಗಳನ್ನು ಸೇನೆ ಪರಿಷ್ಕರಿಸುತ್ತಿರುತ್ತದೆ, ಪರೀಕ್ಷೆಯ ಮೊದಲು ಯೂನಿಟ್ಟಿನ ಆದೇಶ ನೋಡಿಕೊಳ್ಳಲಿ. 25 ನಿಮಿಷ ಅಂದರೆ ಕಿ.ಮೀ.ಗೆ 5 ನಿಮಿಷ, 28 ಅಂದರೆ 5 ನಿಮಿಷ 36 ಸೆಕೆಂಡು. ಸೋಲುವವರು ಮೊದಲ ಕಿಲೋಮೀಟರನ್ನು 4 ನಿಮಿಷದಲ್ಲಿ ಓಡಿ, ಮೂರನೆಯದರಲ್ಲಿ ನಡೆಯುತ್ತಾರೆ. ಮೊದಲ ಎರಡು ಕಿಲೋಮೀಟರನ್ನು ಗಡಿಯಾರ ನೋಡಿ ಹಿಡಿದಿಟ್ಟು ಓಡುವುದೇ ದೊಡ್ಡ ವಿದ್ಯೆ.

ಹೊರೆ ತಕ್ಷಣ ಬೇಡ. ಮೊದಲ ವಾರ ಬರಿಮೈ, ಎರಡನೆಯ ವಾರ ಅರ್ಧ ತೂಕ, ಆಮೇಲೆ ಪೂರ್ತಿ, ಅದೂ ವಾರಕ್ಕೆ ಎರಡೇ ಸಲ. ಚೀಲ ಬೆನ್ನಿನ ಮೇಲ್ಭಾಗಕ್ಕೆ ಬಿಗಿದಿರಬೇಕು. ಜೋತಾಡಿದರೆ ಹೆಜ್ಜೆಹೆಜ್ಜೆಗೂ ಹಿಂದಕ್ಕೆ ಎಳೆಯುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರು ಆರುವುದಿಲ್ಲ, ಆರದ ಬೆವರು ಮೈ ತಂಪು ಮಾಡುವುದಿಲ್ಲ. ಬೆಳಿಗ್ಗೆ ಆರರೊಳಗೆ ಓಟ ಮುಗಿಯಲಿ, ಆಮೇಲೆ ಉಪ್ಪು ಹಾಕಿದ ಗಂಜಿ ತಿಳಿ ಅಥವಾ ಮಜ್ಜಿಗೆ ಕುಡಿಯಲಿ.

ಇದೇ ಪರೀಕ್ಷೆಯಲ್ಲಿ 60 ಮೀಟರ್ ಓಟ, 4 ಮೀಟರ್ ನೇರ ಹಗ್ಗ, ಅಡ್ಡ ಹಗ್ಗ, 9 ಅಡಿ ಹಳ್ಳ ಇವೆ. ಹಗ್ಗ ತೋಳಿನ ಬಲದಿಂದ ಹತ್ತುವುದಲ್ಲ, ಪಾದಗಳ ನಡುವೆ ಹಗ್ಗ ಕಚ್ಚಿ ಕಾಲಿನಿಂದ ಮೈ ಎತ್ತುವುದು. ಮನೆಯ ಹಲಸಿನ ಕೊಂಬೆಗೆ ಹಗ್ಗ ಕಟ್ಟುವುದಾದರೆ ಹೊಸ ಹಗ್ಗ ಇರಲಿ. ಮಳೆ, ಉಪ್ಪುಗಾಳಿ ತಿಂದ ಹಳೆಯ ತೆಂಗಿನ ನಾರಿನ ಹಗ್ಗ ಹೊರಗೆ ಗಟ್ಟಿ ಕಂಡರೂ ಒಳಗೆ ಪುಡಿಯಾಗಿರುತ್ತದೆ.

ಪ್ರಶ್ನೆ: ಮೊಣಕಾಲು ಆಪರೇಷನ್ ಆಗಿ ಮೆಡಿಕಲ್ ಕೆಟಗರಿ ಇಳಿದಿದೆ. ಬಡ್ತಿ ಮುಗಿಯಿತೇ?
– ಓದುಗರು, ಯಲ್ಲಾಪುರ

ಮುಗಿಯಲಿಲ್ಲ. ಬಡ್ತಿಗೆ ಸಾಮಾನ್ಯವಾಗಿ ಶೇಪ್–1 ಬೇಕು: ಮನಸ್ಸು, ಕಿವಿ, ಕೈಕಾಲು, ದೇಹಶಕ್ತಿ, ಕಣ್ಣು ಐದೂ ಒಂದನೇ ದರ್ಜೆ. ಕೆಟಗರಿ ತಾತ್ಕಾಲಿಕವೋ ಶಾಶ್ವತವೋ ಎಂದು ಮೊದಲು ನೋಡಿ. ತಾತ್ಕಾಲಿಕವಾದರೆ ಮರುತಪಾಸಣೆಯ ತಾರೀಖು ತಪ್ಪಿಸಬೇಡಿ, ರಜೆ ಹಾಕುವಾಗಲೂ ಆ ತಾರೀಖು ಬಿಟ್ಟು ಹಾಕಿ. ಯುದ್ಧ ಅಥವಾ ಕಾರ್ಯಾಚರಣೆಯಲ್ಲಿ ಗಾಯಗೊಂಡವರಿಗೆ ವಿನಾಯಿತಿ ಇದೆ. ಗಾಯ ಎಲ್ಲಿ, ಹೇಗೆ ಆಯಿತು ಎಂಬ ವರದಿ ಕಡತದಲ್ಲಿ ಇರಲೇಬೇಕು.

ಪ್ರಶ್ನೆ: ಸೇನೆಯಲ್ಲಿ ಡ್ರೈವರ್. ಕ್ಲಾಸ್ ಏರಿಸುವ ಟ್ರೇಡ್ ಟೆಸ್ಟ್ ಇದೆ. ಗಾಡಿ ಓಡಿಸುವುದು ಸಲೀಸು, ಆದರೂ ಅಂಕ ಕಡಿಮೆ ಬರುತ್ತದೆ. ಯಾಕೆ?
– ಓದುಗರು, ಕುಮಟಾ

ಗಾಡಿ ಚಾಲೂ ಮಾಡುವ ಮೊದಲೇ ಅಂಕ ಹೋಗಿರುತ್ತದೆ. ಹೊರಡುವ ಮೊದಲು ಫಸ್ಟ್ ಪರೇಡ್, ದಾರಿಯಲ್ಲಿ ಹಾಲ್ಟ್ ಪರೇಡ್, ಮುಗಿದ ಮೇಲೆ ಲಾಸ್ಟ್ ಪರೇಡ್, ಗಾಡಿಯ ಈ ಮೂರು ತಪಾಸಣೆಗಳನ್ನು ಕೈಯಿಂದ ಮುಟ್ಟಿ, ಬಾಯಿಂದ ಹೇಳಿ ತೋರಿಸಬೇಕು. ದಿನಾ ಮಾಡುವವನು ಕಣ್ಣಲ್ಲೇ ನೋಡಿ ಮುಗಿಸುತ್ತಾನೆ, ಪರೀಕ್ಷಕ ಕಣ್ಣಿಗೆ ಅಂಕ ಕೊಡುವುದಿಲ್ಲ.

ಪ್ರತಿಸಲ ಒಂದೇ ಕ್ರಮ ಇಟ್ಟುಕೊಳ್ಳಿ. ಗಾಡಿಯ ಅಡಿಯಲ್ಲಿ ಎಣ್ಣೆ, ನೀರು ಸೋರಿದ ಕಲೆ. ಎಂಜಿನ್ ತಣ್ಣಗಿದ್ದಾಗ ರೇಡಿಯೇಟರ್ ನೀರು. ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ, ಮತ್ತೆ ಹಾಕಿ ಎಣ್ಣೆ ಮಟ್ಟ. ಬ್ಯಾಟರಿ ನೀರು ಪ್ಲೇಟುಗಳ ಮೇಲೆ 10–15 ಮಿಲಿಮೀಟರ್. ಫ್ಯಾನ್ ಬೆಲ್ಟ್ ಹೆಬ್ಬೆರಳಿಗೆ ಎಷ್ಟು ಬಾಗುತ್ತದೆ. ಗಾಳಿ ಒತ್ತಡ, ಸ್ಟೆಪ್ನಿಯದೂ ಸೇರಿ. ವೀಲ್ ನಟ್, ಲೈಟು, ಹಾರ್ನ್, ವೈಪರ್, ಜ್ಯಾಕ್, ಟೂಲ್ಸ್, ಕೊನೆಗೆ ಕಾಗದಪತ್ರ. ಏರ್ ಬ್ರೇಕ್ ಗಾಡಿಯಾದರೆ ಗಾಳಿ ಟ್ಯಾಂಕಿನ ಕೆಳಗಿನ ಕಾಕ್ ತೆರೆದು ನೀರು ಬಿಡುವುದನ್ನು ಮರೆಯಬೇಡಿ. ನಮ್ಮ ಕಡೆಯಂತಹ ತೇವದ ಹವೆಯಲ್ಲಿ ದಿನಕ್ಕೇ ನೀರು ಸೇರುತ್ತದೆ, ಅದೇ ಗಾಡಿ ಹಿಮದ ಪ್ರದೇಶಕ್ಕೆ ಹೋದರೆ ಆ ನೀರು ಕೊಳವೆಯಲ್ಲಿ ಹೆಪ್ಪುಗಟ್ಟಿ ಬ್ರೇಕೇ ಹಿಡಿಯದಂತಾಗುತ್ತದೆ.

ಇಳಿಜಾರಿನ ತಪ್ಪು ದೇವಿಮನೆ ಘಟ್ಟದಲ್ಲೂ ಪರೀಕ್ಷೆಯಲ್ಲೂ ಒಂದೇ: ಇಳಿಯಲು ಶುರುಮಾಡಿದ ಮೇಲೆ ಗೇರ್ ಹುಡುಕುವುದು. ನೆತ್ತಿಯಲ್ಲೇ ಕೆಳಗಿನ ಗೇರ್ ಹಾಕಿ, ಎಂಜಿನ್ನಿನ ತಡೆಯಿಂದ ಇಳಿಸಬೇಕು. ಬ್ರೇಕ್ ಮೇಲೆ ಕಾಲಿಟ್ಟೇ ಇಳಿದರೆ ಡ್ರಮ್ ಕಾದು ಲೈನರ್ ಹಿಡಿತ ಬಿಡುತ್ತದೆ. ಟ್ರೇಲರ್ ಹಿಂದಕ್ಕೆ ತೆಗೆಯುವಾಗ ಟ್ರೇಲರ್ ಯಾವ ಕಡೆ ಹೋಗಬೇಕೋ ಅದರ ವಿರುದ್ಧ ದಿಕ್ಕಿಗೆ ಸ್ಟೇರಿಂಗ್, ಸ್ವಲ್ಪ ತಿರುಗಿದ ಕೂಡಲೇ ಅದನ್ನು ಹಿಂಬಾಲಿಸಬೇಕು. ತಡಮಾಡಿದರೆ ಮಡಚಿಕೊಳ್ಳುತ್ತದೆ. ಮಡಚಿತು ಅಂದರೆ ಹಟ ಮಾಡದೆ ಮುಂದಕ್ಕೆ ಬಂದು ನೇರ ಮಾಡಿಕೊಳ್ಳಿ.

ಪ್ರಶ್ನೆ: ತರಬೇತಿ, ಪರೀಕ್ಷೆ ಎಲ್ಲ ಹಿಂದಿಯಲ್ಲಿ. ಕೆಲಸ ಬರುತ್ತದೆ, ಕ್ಲಾಸ್ ತೆಗೆದುಕೊಳ್ಳುವಾಗ ಬಾಯಿ ಕಟ್ಟುತ್ತದೆ.
– ಲ್ಯಾನ್ಸ್ ನಾಯಕ್, ಭಟ್ಕಳ ತಾಲ್ಲೂಕು

ಭಾಷೆಗೆ ಹೆದರಬೇಡ, ತಮ್ಮಾ. ಕೇಡರ್‌ನಲ್ಲಿ ಬೇಕಾಗುವುದು ಸಾಹಿತ್ಯದ ಹಿಂದಿಯಲ್ಲ, ಸುಮಾರು ಇನ್ನೂರು ವಾಕ್ಯಗಳ ಹಿಂದಿ. ಆಯುಧದ ಪಾಠ ಕಲಿಸುವ ಕ್ರಮ ಎಲ್ಲ ಕಡೆ ಒಂದೇ: ಸುರಕ್ಷತೆಯ ತಪಾಸಣೆ, ಉದ್ದೇಶ ಹೇಳುವುದು, ಮಾಡಿ ತೋರಿಸುವುದು, ವಿವರಿಸುತ್ತ ಮತ್ತೆ ಮಾಡುವುದು, ಅವರಿಂದ ಮಾಡಿಸುವುದು, ಪ್ರಶ್ನೆ ಕೇಳುವುದು. ಪ್ರತಿ ಹಂತಕ್ಕೂ ನಾಲ್ಕೈದು ವಾಕ್ಯವನ್ನು ಕನ್ನಡ ಲಿಪಿಯಲ್ಲೇ ಬರೆದುಕೊಂಡು, ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿ ಕೇಳು. ಹಂತ ಬಿಟ್ಟರೆ ಅಂಕ ಹೋಗುತ್ತದೆ, ವ್ಯಾಕರಣ ತಪ್ಪಿದ್ದಕ್ಕೆ ಅಷ್ಟಾಗಿ ಹೋಗುವುದಿಲ್ಲ.

ಡ್ರಿಲ್‌ನಲ್ಲಿ ಎಚ್ಚರಿಸುವ ಶಬ್ದವನ್ನು ಎಳೆದು, ಕೆಲಸ ಮಾಡಿಸುವ ಶಬ್ದವನ್ನು ಚಿಕ್ಕದಾಗಿ ಹೊಡೆದ ಹಾಗೆ ಹೇಳಬೇಕು, ನಡುವೆ ಒಂದು ಉಸಿರಿನ ಬಿಡುವು. ಗಂಟಲಿನಿಂದ ಕೂಗಿದರೆ ಎರಡು ದಿನದಲ್ಲಿ ಧ್ವನಿ ಹೋಗುತ್ತದೆ, ಹೊಟ್ಟೆಯಿಂದ ತೆಗೆ. ಫೈರ್ ಆರ್ಡರ್‌ಗೆ, ಅಂದರೆ ಗುಂಡು ಹಾರಿಸಲು ಕೊಡುವ ಆಜ್ಞೆಗೆ, ‘ಗ್ರಿಟ್’ ಕ್ರಮ: ಯಾವ ಗುಂಪು, ಎಷ್ಟು ದೂರ, ಗುರಿ ಎಲ್ಲಿ, ಯಾವ ಬಗೆಯ ಫೈರ್. ಗಾಬರಿಯಲ್ಲಿ ಎಲ್ಲರೂ ದೂರ ಹೇಳುವುದನ್ನು ಬಿಡುತ್ತಾರೆ. ದೂರಕ್ಕೆ ತಕ್ಕಂತೆ ಬಂದೂಕಿನ ಸೈಟ್ ಹಾಕದೆ ಹೊಡೆದ ಗುಂಡು ಗುರಿಗೆ ಹೋಗುವುದಿಲ್ಲ ಎಂದು ನೆನಪಿಟ್ಟರೆ ಬಿಡುವುದಿಲ್ಲ.

ಪ್ರಶ್ನೆ: ಬೇರೆ ದೇಶಗಳಲ್ಲೂ ಹೀಗೆಯೇ? ಲಿಖಿತ ಪರೀಕ್ಷೆ ಒಳ್ಳೆಯದೋ, ಮಾಡಿ ತೋರಿಸುವುದೋ?
– ಎನ್‌ಸಿಸಿ ವಿದ್ಯಾರ್ಥಿನಿ, ಕಾರವಾರ

ಇದರಲ್ಲಿ ಅಮೆರಿಕದ ಸೇನೆ ಪಟ್ಟ ಪಾಡು ಎಲ್ಲರಿಗೂ ಪಾಠ. ಅಲ್ಲಿ ಕಸುಬಿನ ಲಿಖಿತ ಪರೀಕ್ಷೆ ಮೊದಲೇ ಇತ್ತು. 1977ರಲ್ಲಿ ಅದರ ಬದಲು ‘ಸ್ಕಿಲ್ ಕ್ವಾಲಿಫಿಕೇಶನ್ ಟೆಸ್ಟ್’ ತಂದರು. ಪ್ರತಿ ಕಸುಬಿಗೂ ಯಾವ ಕೆಲಸ, ಯಾವ ಸ್ಥಿತಿಯಲ್ಲಿ, ಯಾವ ಮಟ್ಟಕ್ಕೆ ಮಾಡಬೇಕು ಎಂಬ ಕೈಪಿಡಿ ಕೊಟ್ಟು, ಪರೀಕ್ಷೆಯನ್ನು ಮೂರು ಭಾಗ ಮಾಡಿದರು: ಬರೆಯುವುದು, ಕೈಯಿಂದ ಮಾಡುವುದು, ಮೇಲಧಿಕಾರಿ ನೋಡಿ ದೃಢೀಕರಿಸುವುದು. ಯೋಚನೆ ತುಂಬ ಒಳ್ಳೆಯದಿತ್ತು. ಆದರೆ ನೂರಾರು ಕಸುಬುಗಳಿಗೆ ಕೈಕೆಲಸದ ಪರೀಕ್ಷೆ ಏರ್ಪಡಿಸಲು ಉಪಕರಣ, ಪರೀಕ್ಷಕರು, ದಿನಗಳು ಬೇಕು. ಹಾಗಾಗಿ ಕೈಕೆಲಸದ ಭಾಗ ಸವೆದು ಲಿಖಿತವೇ ಉಳಿಯಿತು. ಉಳಿದದ್ದು ಓದುವ ಶಕ್ತಿಯನ್ನೂ ಅಳೆಯತೊಡಗಿತು. ಘಟಕಗಳು ಪರೀಕ್ಷೆಗೆ ಬರುವ ಕೆಲಸಗಳನ್ನಷ್ಟೇ ಕಲಿಸತೊಡಗಿದವು. 1991ರಲ್ಲಿ ಅದನ್ನು ಕೈಬಿಟ್ಟು ಬೇರೊಂದು ಲಿಖಿತ ಪರೀಕ್ಷೆ ತಂದರು, ಅದೂ ಕೆಲವೇ ವರ್ಷಗಳಲ್ಲಿ ನಿಂತಿತು.

ಅದೇ ದೇಶದ ವಾಯುಪಡೆ 1970ರಿಂದ ಬೇರೆ ದಾರಿ ಹಿಡಿದಿದೆ. ಕಸುಬಿನ ಪರೀಕ್ಷೆ, ಸಾಮಾನ್ಯ ಸೇನಾಜ್ಞಾನದ ಪರೀಕ್ಷೆ, ವಾರ್ಷಿಕ ವರದಿ, ಪದಕಗಳು ಇವಕ್ಕೆಲ್ಲ ಅಂಕ ಕೊಟ್ಟು ಕೂಡಿಸಿ ಬಡ್ತಿ ಕೊಡುತ್ತಾರೆ. ಆ ಲೆಕ್ಕದ ತೂಕ ಬದಲಾಗುತ್ತ ಬಂದಿದೆ. ಅದರಲ್ಲಿ ನಮಗೆ ಹಿಡಿಸುವ ಸಂಗತಿ ಒಂದು: ಬಡ್ತಿ ಸಿಗದವನಿಗೂ ಅಂಕಪಟ್ಟಿ ಕೈಗೆ ಬರುತ್ತದೆ. ಎಲ್ಲಿ ಕಡಿಮೆಯಾಯಿತು ಎಂದು ಅವನಿಗೆ ಗೊತ್ತಾಗುತ್ತದೆ.

ಹಾಗಾದರೆ ಯಾವುದು ಒಳ್ಳೆಯದು? ಕೈಯಿಂದ ಮಾಡುವ ಕೆಲಸವನ್ನು ಕೈಯಿಂದಲೇ ಮಾಡಿಸಿ ನೋಡಬೇಕು. ರಕ್ತ ನಿಲ್ಲಿಸಲು ಪಟ್ಟಿ ಕಟ್ಟುವುದನ್ನು ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕಿ ತಿಳಿಯಲಾಗದು. ಆದರೆ ಪರೀಕ್ಷಕನ ಕೈಯಲ್ಲಿ ಹಂತಹಂತದ ಪಟ್ಟಿ ಇರಬೇಕು: ಮಾಡಿದ, ಮಾಡಲಿಲ್ಲ, ಅಷ್ಟೇ. ‘ಒಟ್ಟಾರೆ ಚೆನ್ನಾಗಿದೆ’ ಎಂಬ ಕಲಮು ಬಂದ ಕೂಡಲೇ ಮುಖ ನೋಡಿ ಮಣೆ ಹಾಕುವುದು ಶುರುವಾಗುತ್ತದೆ. ಪರೀಕ್ಷಕ ಅದೇ ಕಂಪನಿಯವನಾಗಿರದೆ ಹೊರಗಿನವನಾಗಿದ್ದರೆ ಇನ್ನೂ ಒಳ್ಳೆಯದು. ಲೆಕ್ಕ, ನಿಯಮ, ಸಂಕೇತಗಳಂತಹ ತಲೆಯಲ್ಲಿರಬೇಕಾದದ್ದಕ್ಕೆ ಬರವಣಿಗೆ ಸಾಕು.

ಪ್ರಶ್ನೆ: ಹವಾಲ್ದಾರ್ ಆಗಿ ಎಲ್ಲ ಪರೀಕ್ಷೆ ಪಾಸಾದರೂ ನಾಯಬ್ ಸುಬೇದಾರ್ ಬಡ್ತಿಗೆ ‘ಎಸಿಆರ್ (ವಾರ್ಷಿಕ ಗೋಪ್ಯ ವರದಿ) ಸಾಲದು’ ಎಂದರು. ಏನು ಮಾಡಬಹುದು?
– ಓದುಗರು, ಹಳಿಯಾಳ

ಜೆಸಿಒ (ನಾಯಬ್ ಸುಬೇದಾರ್ ಮತ್ತು ಅದರ ಮೇಲಿನ ಸುಬೇದಾರ್ ಹುದ್ದೆಗಳು) ಬಡ್ತಿಯಲ್ಲಿ ಕೊನೆಯ ಐದು ವಾರ್ಷಿಕ ವರದಿ ನೋಡುತ್ತಾರೆ, ಅದರಲ್ಲಿ ಕನಿಷ್ಠ ಮೂರು ‘ಅಬೌವ್ ಆವರೇಜ್’ ಇರಬೇಕು. ಶಿಸ್ತಿನ ದಾಖಲೆಯಲ್ಲಿ ಕೆಂಪು ಶಾಯಿಯ ನಮೂದುಗಳನ್ನೂ (ದೊಡ್ಡ ಶಿಕ್ಷೆಗಳ ದಾಖಲೆ) ಎಣಿಸುತ್ತಾರೆ. ಯಾವ ವರ್ಷದ ವರದಿಯಿಂದ ಕೊರತೆಯಾಯಿತು ಎಂದು ಮೊದಲು ಲಿಖಿತವಾಗಿ ಕೇಳಿ. ಆ ವರ್ಷ ನೀವು ಅಟ್ಯಾಚ್‌ಮೆಂಟ್‌ನಲ್ಲಿದ್ದಿರಾ, ವರದಿ ಬರೆದ ಅಧಿಕಾರಿಯ ಕೈಕೆಳಗೆ ನಿಜಕ್ಕೂ ಕೆಲಸ ಮಾಡಿದ್ದಿರಾ, ಅದೇ ವರ್ಷ ಬಿಪಿಇಟಿ, ಫೈರಿಂಗ್ ಫಲಿತಾಂಶ ಏನಿತ್ತು, ಇವನ್ನು ತಾರೀಖಿನೊಂದಿಗೆ ಒಂದು ಹಾಳೆಯಲ್ಲಿ ಬರೆಯಿರಿ. ಒಳ್ಳೆಯ ಪರೀಕ್ಷಾ ಫಲಿತಾಂಶಕ್ಕೂ ಕೆಟ್ಟ ವರದಿಗೂ ಹೊಂದಾಣಿಕೆ ಇಲ್ಲದಿದ್ದರೆ ನಿಮ್ಮ ವಾದಕ್ಕೆ ಅದೇ ಬಲ.

ಸೇನಾ ಕಾಯ್ದೆಯ 26ನೇ ಕಲಮಿನಡಿ ದೂರು ಕೊಡುವ ಹಕ್ಕು ನಿಮಗಿದೆ. ಅಲ್ಲಿ ಪರಿಹಾರ ಸಿಗದಿದ್ದರೆ 2007ರ ಕಾಯ್ದೆಯ ಪ್ರಕಾರ ಸಶಸ್ತ್ರ ಪಡೆಗಳ ನ್ಯಾಯಮಂಡಳಿ. ಕರ್ನಾಟಕ ಕೊಚ್ಚಿ ಪೀಠದ ವ್ಯಾಪ್ತಿಗೆ ಬರುತ್ತದೆ. ಅಂತಿಮ ಆದೇಶ ಬಂದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು. ತಡವಾದರೆ ತಡಕ್ಕೆ ಕಾರಣ ಹೇಳುವುದರಲ್ಲೇ ಅರ್ಧ ಪ್ರಕರಣ ಮುಗಿಯುತ್ತದೆ. ಸಿಟ್ಟಿನಲ್ಲಿ ಯಾರ ಮೇಲೂ ಆರೋಪ ಬರೆಯಬೇಡಿ. ದಾಖಲೆ ಮಾತಾಡಲಿ.

ಪ್ರಶ್ನೆ: ತಮ್ಮ ಅಗ್ನಿವೀರ. ಅವನಿಗೆ ಈ ಪರೀಕ್ಷೆಗಳು ಲೆಕ್ಕಕ್ಕೆ ಬರುತ್ತವೆಯೇ?
– ಓದುಗರು, ಗೋಕರ್ಣ

ಬಹಳವೇ ಬರುತ್ತವೆ. 2022ರಲ್ಲಿ ಶುರುವಾದ ಈ ಯೋಜನೆಯಲ್ಲಿ ನಾಲ್ಕು ವರ್ಷದ ಕೊನೆಗೆ ಶೇಕಡಾ 25ರವರೆಗೆ ಮಾತ್ರ ಕಾಯಂ ಆಗುತ್ತಾರೆ, ಆದವರು ಮತ್ತೆ ಕನಿಷ್ಠ 15 ವರ್ಷ ದುಡಿಯುತ್ತಾರೆ. ನಾಲ್ಕು ವರ್ಷದ ದೈಹಿಕ ಪರೀಕ್ಷೆ, ಫೈರಿಂಗ್, ಕಸುಬಿನ ಅಂಕ ಎಲ್ಲ ಸೇರಿ ಸಾಲು ತಯಾರಾಗುತ್ತದೆ. ಕೊನೆಯ ವರ್ಷ ಎದ್ದು ಓಡಿದರೆ ಮೊದಲ ವರ್ಷದ ಅಂಕ ಬದಲಾಗುವುದಿಲ್ಲ. ಅವನೂ ಒಂದು ಡೈರಿ ಇಟ್ಟು, ಪ್ರತಿ ಪರೀಕ್ಷೆಯ ತಾರೀಖು, ಫಲಿತಾಂಶ, ಆರ್ಡರ್ ನಂಬರ್ ಬರೆಯಲಿ. ಮೊದಲ ಪುಟ ಈ ವಾರವೇ ತುಂಬಲಿ.